ಕಂಬದ ಮೇಲೆ ಯಾರು, ಮ್ಯಾನ್‌ಹೋಲಿನೊಳಗೆ ಯಾರು

ನಾವೆಲ್ಲ ಈಗಲೂ ಬಾಯಿ ರೂಢಿಗೆ ಕೆಇಬಿ ಎಂದೇ ಕರೆಯುವ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ 2024ರ ಅಕ್ಟೋಬರಿನಲ್ಲಿ 2,975 ಹುದ್ದೆಗಳಿಗೆ ಅರ್ಜಿ ಕರೆಯಿತು. ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಹುದ್ದೆಗಳವು. ಓದು ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು. ಅಂಕಪಟ್ಟಿಯ ಜೊತೆಗೆ ಸಹನಾ ಶಕ್ತಿ ಪರೀಕ್ಷೆ ಎಂಬುದೊಂದಿತ್ತು. ಎಂಟು ಮೀಟರ್ ಎತ್ತರದ ವಿದ್ಯುತ್ ಕಂಬ ಹತ್ತುವುದು ಕಡ್ಡಾಯ. ಅದರೊಂದಿಗೆ ಓಟ, ಸ್ಕಿಪ್ಪಿಂಗ್, ಗುಂಡು ಎಸೆತ ಇವುಗಳಲ್ಲಿ ಎರಡನ್ನಾದರೂ ಗೆಲ್ಲಬೇಕು. ಊರೂರಿನ ಹುಡುಗರು ಹಳೆಯ ಕಂಬ ಹುಡುಕಿ, ಅಂಗೈ ಸುಲಿಯುವವರೆಗೆ ಅಭ್ಯಾಸ ಮಾಡಿದರು.

ಕಂಬ ಹತ್ತಲು ಬಾರದವನನ್ನು ಲೈನ್ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಯಾರೂ ಹೇಳಲಾರರು. ಆದರೆ ಗುಂಡು ಎಸೆದು ತೋರಿಸಬೇಕಾದ ಪ್ರಸಂಗ ಆ ನೌಕರಿಯಲ್ಲಿ ಎಂದು ಬರುತ್ತದೋ ನನಗೆ ತಿಳಿಯದು. ಲೈನ್ ಕೆಲಸ ಬಲ್ಲವರಿಗೆ ಗೊತ್ತಿರುವ ಇನ್ನೊಂದು ಸತ್ಯವಿದೆ. ಕಂಬದ ಮೇಲೆ ಜೀವ ಹೋಗುವುದು ತೋಳಿನಲ್ಲಿ ಬಲ ಸಾಲದೆ ಅಲ್ಲ. ದುರಸ್ತಿಗೆ ಮುಂಚೆ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್, ಅಂದರೆ ಕರೆಂಟು ನಿಲ್ಲಿಸಿದ ಖಾತ್ರಿ, ಪಡೆಯಬೇಕು. ಸೆಕ್ಷನ್ ಆಫೀಸಿನ ಮಾತಿನಲ್ಲಿ ಅದು ಎಲ್‌ಸಿ. ಎಲ್‌ಸಿ ಒಂದು ಫೀಡರಿಗೆ ಸಿಕ್ಕಿರುತ್ತದೆ, ಕೆಲಸ ಇನ್ನೊಂದರ ಮೇಲೆ ನಡೆದಿರುತ್ತದೆ. ಒಂದೇ ಕಂಬದಲ್ಲಿ ಎರಡು ಲೈನ್ ಹಾದು, ಒಂದು ಆಫ್ ಆಗಿ ಇನ್ನೊಂದು ಜೀವಂತವಾಗಿರುತ್ತದೆ. ಆಫ್ ಮಾಡಿದ ತಂತಿಯನ್ನು ಅರ್ಥಿಂಗ್ ಮಾಡದೆ ಹತ್ತಿರುತ್ತಾರೆ. ಅಥವಾ ಯಾವುದೋ ಮನೆಯ ಜನರೇಟರಿನ ಕರೆಂಟು ಸರ್ವಿಸ್ ವೈರಿನಲ್ಲಿ ಹಿಮ್ಮುಖವಾಗಿ ಹರಿದು ಸತ್ತ ಲೈನಿಗೆ ಜೀವ ತುಂಬಿರುತ್ತದೆ. ಕೆಳಗೆ ನಿಂತ ಜನ ‘ಬೇಗ ಹತ್ರೀ, ಸಂಜೆಯಿಂದ ಕತ್ತಲೆ’ ಎಂದು ಕೂಗುತ್ತಿರುವಾಗ, ‘ಎಲ್‌ಸಿ ಬರದೆ ನಾನು ಹತ್ತಲ್ಲ’ ಎನ್ನುವ ಗಟ್ಟಿತನ ಬೇಕು. ಆ ಗಟ್ಟಿತನವನ್ನು ಅಳೆಯುವ ಪರೀಕ್ಷೆಯನ್ನು ಯಾವ ನಿಗಮವೂ ಇಟ್ಟಿಲ್ಲ.

ಕರೆಂಟು, ನೀರು, ಒಳಚರಂಡಿಯಂಥ ನಿತ್ಯ ಸೇವೆಗಳಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಈ ಎತ್ತರದಿಂದಲೇ ನೋಡಬೇಕು ಎಂದು ನನಗನಿಸುತ್ತದೆ. ವೈವಿಧ್ಯ, ಸಮತೆ, ಒಳಗೊಳ್ಳುವಿಕೆ ಎಂಬ ಮಾತುಗಳು ಈಗ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಬಣ್ಣದ ಚಿತ್ರಗಳೊಂದಿಗೆ ಅಚ್ಚಾಗುತ್ತವೆ. ಮಹಿಳಾ ದಿನಾಚರಣೆಯಂದು ಹೂಗುಚ್ಛವೂ ಇರುತ್ತದೆ. ಅದರ ಬಗ್ಗೆ ತಕರಾರಿಲ್ಲ. ನನ್ನ ಪ್ರಶ್ನೆ ಅಪಾಯದ್ದು. ಈ ಉದ್ಯಮದಲ್ಲಿ ಅಪಾಯವೇ ಬಾಗಿಲು ಕಾಯುವವನು. ‘ನಿಮಗೆ ಇದು ಅಪಾಯ’ ಎಂದು ಹೇಳಿ ಒಂದು ವರ್ಗವನ್ನು ಹೊರಗಿಡುತ್ತೇವೆ. ಅದೇ ಅಪಾಯದೊಳಕ್ಕೆ, ಬೇಡ ಎನ್ನಲಾರದ ಇನ್ನೊಂದು ವರ್ಗವನ್ನು ಇಳಿಸುತ್ತೇವೆ. ಎರಡೂ ಒಂದೇ ಸಂಸ್ಥೆಯ ಸೂರಿನಡಿ ನಡೆಯುವುದುಂಟು.

ಮೊದಲು ಹೊರಗಿಟ್ಟವರ ವಿಷಯ. 2019ರಲ್ಲಿ ತೆಲಂಗಾಣದ ದಕ್ಷಿಣ ವಿದ್ಯುತ್ ವಿತರಣಾ ಕಂಪನಿ ಕಿರಿಯ ಲೈನ್‌ಮನ್ ಹುದ್ದೆಗಳಿಗೆ ಅರ್ಜಿ ಕರೆದಾಗ ಮಹಿಳೆಯರಿಗೆ ಅವಕಾಶವಿರಲಿಲ್ಲ. ಐಟಿಐ ಓದಿದ್ದ ಹಳ್ಳಿಯ ಹೆಣ್ಣುಮಕ್ಕಳಿಬ್ಬರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ನ್ಯಾಯಾಲಯ ಅವರಿಗೂ ಪರೀಕ್ಷೆ ನಡೆಸಿ ಎಂದಿತು. ಇಬ್ಬರೂ ಕಂಬ ಹತ್ತಿ ಇಳಿದರು. ಪತ್ರಿಕೆಗಳು ಅದನ್ನು ಮುಖಪುಟದ ಅಚ್ಚರಿಯಾಗಿ ಬರೆದವು. ಅಚ್ಚರಿಯೇನೂ ಇರಲಿಲ್ಲ. ಪಕ್ಕದ ಮಹಾರಾಷ್ಟ್ರದ ವಿತರಣಾ ಕಂಪನಿಯಲ್ಲಿ ಕಂಬ ಹತ್ತುವ ಮಹಿಳೆಯರು ಅದಕ್ಕಿಂತ ಎಷ್ಟೋ ವರ್ಷ ಮೊದಲಿನಿಂದ ಇದ್ದರು. ನಮ್ಮಲ್ಲಿ ಇಂದಿಗೂ ಅಂಥವರು ಅಪರೂಪ. ಎಂಜಿನಿಯರ್ ಹುದ್ದೆಗಳಲ್ಲಿ, ಲೆಕ್ಕಪತ್ರ ಶಾಖೆಯಲ್ಲಿ, ಬಿಲ್ಲಿಂಗ್ ಕೌಂಟರಿನಲ್ಲಿ ಮಹಿಳೆಯರಿದ್ದಾರೆ. ರಾಜ್ಯದ ನೇಮಕಾತಿಯಲ್ಲಿ ಶೇ 33ರ ಸಮತಲ ಮೀಸಲಾತಿ ಅವರಿಗೆ ದಾರಿ ಮಾಡಿದೆ. ಆದರೆ ಟ್ರಾನ್ಸ್‌ಫಾರ್ಮರ್ ಸುಟ್ಟ ರಾತ್ರಿ ಟಾರ್ಚು ಹಿಡಿದು ಬರುವವನು ಗಂಡಸೇ ಆಗಿರುತ್ತಾನೆ.

ಇದು ಹೆಂಗಸಿನ ಮೈಕಟ್ಟಿನ ಪ್ರಶ್ನೆ ಎಂದು ನಂಬಿರುವವರು ಒಬ್ಬರ ಬದುಕನ್ನು ನೆನೆಯಬೇಕು. ಅಯ್ಯಲಸೋಮಯಾಜುಲ ಲಲಿತಾ ಹದಿನೆಂಟನೆಯ ವಯಸ್ಸಿಗೆ ವಿಧವೆಯಾದರು. ಕೈಯಲ್ಲಿ ಹಸುಗೂಸು. ತಂದೆ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಅದೇ ಕಾಲೇಜು ಸೇರಿ 1940ರ ದಶಕದ ಮೊದಲ ಭಾಗದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ಮುಂದೆ ಕಲ್ಕತ್ತೆಯ ಕಂಪನಿಯೊಂದರಲ್ಲಿದ್ದುಕೊಂಡು ಪ್ರಸರಣ ಮಾರ್ಗಗಳ, ಸಬ್‌ಸ್ಟೇಷನ್ನುಗಳ, ರಕ್ಷಣಾ ಸಲಕರಣೆಗಳ ವಿನ್ಯಾಸ ಮಾಡಿದರು; ಭಾಕ್ರಾ ನಂಗಲ್ ಯೋಜನೆಯ ಕೆಲಸ ಅದರಲ್ಲಿ ದೊಡ್ಡದು. ಅವರೊಂದಿಗೆ ಓದಿದ ಪಿ.ಕೆ. ತ್ರೇಸ್ಯಾ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ದೇಶದ ಬಹುದೊಡ್ಡ ಅಣೆಕಟ್ಟೆಯ ಕರೆಂಟು ಹರಿಯುವ ದಾರಿಯನ್ನು ಕಾಗದದ ಮೇಲೆ ಬರೆಯಲು ಹೆಂಗಸಿಗೆ ಸಾಧ್ಯವಾಯಿತು. ಎಂಟು ಮೀಟರಿನ ಕಂಬಕ್ಕೆ ಮಾತ್ರ ಮುಕ್ಕಾಲು ಶತಮಾನದ ನಂತರ ಹೈಕೋರ್ಟಿನ ಆದೇಶ ಬೇಕಾಯಿತು.

ಕಾನೂನು ಕೂಡ ಬಹುಕಾಲ ಎರಡು ನಾಲಿಗೆಯಲ್ಲಿ ಮಾತಾಡಿತು. 1976ರ ಸಮಾನ ವೇತನ ಕಾಯ್ದೆ ನೇಮಕಾತಿಯಲ್ಲಿ ಹೆಣ್ಣೆಂದು ಭೇದ ಮಾಡಬಾರದು ಎಂದಿತು. ಜೊತೆಗೇ, ಬೇರೆ ಕಾನೂನು ತಡೆದಿರುವ ಕೆಲಸಗಳಿಗೆ ಇದು ಅನ್ವಯಿಸದು ಎಂದೂ ಸೇರಿಸಿತು. ಆ ಬೇರೆ ಕಾನೂನು 1948ರ ಕಾರ್ಖಾನೆ ಕಾಯ್ದೆ. ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಮಹಿಳೆಯರ ದುಡಿಮೆಗೆ ಅದು ತಡೆ ಹಾಕಿತ್ತು. ವಿದ್ಯುದಾಗಾರ ಮೂರು ಪಾಳಿಯಲ್ಲಿ ನಡೆಯುವ ಜಾಗ. ರಾತ್ರಿ ಪಾಳಿ ಮಾಡದವಳಿಗೆ ಅಲ್ಲಿ ಅನುಭವ ಹೇಗೆ ಸಿಗಬೇಕು, ಬಡ್ತಿ ಎಲ್ಲಿಂದ ಬರಬೇಕು? ಕೇರಳದ ಸಾರ್ವಜನಿಕ ಉದ್ಯಮವೊಂದು ಸುರಕ್ಷತಾ ಅಧಿಕಾರಿ ಹುದ್ದೆಗೆ ಗಂಡಸರು ಮಾತ್ರ ಎಂದಾಗ, 2021ರಲ್ಲಿ ಅಲ್ಲಿನ ಹೈಕೋರ್ಟು ಅದನ್ನು ತಳ್ಳಿಹಾಕಿತು. ರಾತ್ರಿ ಕೆಲಸವಿದೆ ಎಂಬ ಕಾರಣಕ್ಕೆ ಅರ್ಹ ಮಹಿಳೆಗೆ ಹುದ್ದೆ ನಿರಾಕರಿಸುವಂತಿಲ್ಲ, ಅವಳಿಗೆ ಸುರಕ್ಷತೆ ಒದಗಿಸುವುದು ಸರ್ಕಾರದ ಹೊಣೆ ಎಂಬುದು ಆ ತೀರ್ಪಿನ ಸಾರ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಷರತ್ತುಗಳೊಂದಿಗೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ಅದೇ ತಿದ್ದುಪಡಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಸಲೂ ಅವಕಾಶ ಸೇರಿತ್ತು. ಹೀಗೆ ಒಂದು ಕೈಯಲ್ಲಿ ಸಮಾನತೆ ಕೊಡುವಾಗ ಇನ್ನೊಂದು ಕೈ ಎಲ್ಲಿದೆ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಸರ್ಕಾರಿ ಕೆಲಸದಲ್ಲಿ ಯಾರಿರಬೇಕು ಎಂಬ ಜಗಳ ನಮಗೆ ಹೊಸದಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಕೆಜಿಎಫ್ ಮುಟ್ಟಿತು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಆ ಕಾಲದ ಮೈಸೂರು ಸಂಸ್ಥಾನದ ಮೇಲ್ಮಟ್ಟದ ನೌಕರಿಗಳು ಬಹುಪಾಲು ಒಂದೇ ಜಾತಿಯವರ ಕೈಯಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ, ಕೆಳಗಿನವುಗಳಲ್ಲಿ ಮೂರನೇ ಎರಡರಷ್ಟಾದರೂ ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ದಕ್ಷತೆ ಕೆಡುತ್ತದೆ ಎಂಬ ವಾದ ಆಗಲೂ ಜೋರಾಗಿತ್ತು. ಈ ವಿಷಯದಲ್ಲಿ ಮಹಾರಾಜರೊಂದಿಗೆ ಒಮ್ಮತವಿಲ್ಲದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ನೂರು ವರ್ಷಗಳ ಹಿಂದೆ ಕೇಳಿದ ಆ ವಾದದ ಕಡೆ ಈಗ ತಿರುಗಿ ನೋಡಿದರೆ, ಮೀಸಲಾತಿಯಿಂದ ಬಂದ ಎಂಜಿನಿಯರುಗಳೇ ಶರಾವತಿ, ಕಾಳಿ, ರಾಯಚೂರಿನ ಕರೆಂಟನ್ನು ರಾಜ್ಯದ ಮೂಲೆಮೂಲೆಗೆ ಮುಟ್ಟಿಸಿದ್ದು ಕಾಣುತ್ತದೆ.

ಆದರೆ ಮಿಲ್ಲರ್ ಸಮಿತಿಯಿಂದ ಇಲ್ಲಿಯವರೆಗಿನ ಎಲ್ಲ ಲೆಕ್ಕಾಚಾರವೂ ಹುದ್ದೆಯ ಮೇಲೆ ನಿಂತಿದೆ. ಹುದ್ದೆಯೇ ಇಲ್ಲದವರ ಲೆಕ್ಕ ಇಡುವವರು ಯಾರು? 1999ರಲ್ಲಿ ವಿದ್ಯುತ್ ಮಂಡಳಿ ನಿಗಮವಾಯಿತು, 2002ರಲ್ಲಿ ವಿತರಣೆ ಕಂಪನಿಗಳಾಗಿ ಒಡೆಯಿತು. ಮೀಟರ್ ರೀಡಿಂಗ್, ಸಬ್‌ಸ್ಟೇಷನ್ ನಿರ್ವಹಣೆ, ಕಂಬ ನೆಡುವುದು, ತಂತಿ ಎಳೆಯುವುದು, ಮರದ ಕೊಂಬೆ ಕಡಿಯುವುದು ಮೆಲ್ಲಮೆಲ್ಲನೆ ಗುತ್ತಿಗೆದಾರರ ಪಾಲಾದವು. ಕಾಯಂ ನೌಕರನಿಗೆ ಜಾತಿವಾರು ರೋಸ್ಟರ್ ಇದೆ, ಸಂಘವಿದೆ, ಪಿಂಚಣಿಯ ಜಗಳವಿದೆ. ಗುತ್ತಿಗೆಯ ಹುಡುಗನಿಗೆ ಗುತ್ತಿಗೆದಾರನ ಮೊಬೈಲ್ ನಂಬರ್ ಮಾತ್ರವಿದೆ. ರಾಜ್ಯ ಸರ್ಕಾರ 2024ರಲ್ಲಿ ಹೊರಗುತ್ತಿಗೆ ನೇಮಕಕ್ಕೂ ಮೀಸಲಾತಿ ಅನ್ವಯವಾಗಬೇಕೆಂದು ಆದೇಶಿಸಿತು. ಒಳ್ಳೆಯದೇ. ಅದರಿಂದ ಗುತ್ತಿಗೆಯ ಕೆಲಸ ಎಲ್ಲ ಜಾತಿಯವರಿಗೂ ಹಂಚಿಹೋಗಬಹುದು; ಗುತ್ತಿಗೆ ಮಾತ್ರ ಗುತ್ತಿಗೆಯಾಗಿಯೇ ಉಳಿಯುತ್ತದೆ.

ಇನ್ನು ಒಳಕ್ಕೆ ಇಳಿಸಿದವರ ವಿಷಯ. ಇದನ್ನು ಕೆಜಿಎಫ್‌ನಿಂದಲೇ ಶುರುಮಾಡಬೇಕು. ನೂರೈವತ್ತು ಕಿಲೋಮೀಟರಿನಷ್ಟು ದೂರದ ಜಲಪಾತದಿಂದ ತಂತಿ ಎಳೆದು ಕರೆಂಟು ತಂದ ಊರದು. ಏಷ್ಯಾದ ಹೆಮ್ಮೆ ಎಂದು ಪಠ್ಯದಲ್ಲಿ ಓದಿದ್ದೇವೆ. ಅದೇ ಊರಿನ ಕಾರ್ಮಿಕರ ಲೈನುಮನೆಗಳ ಬಳಿ ಒಣ ಪಾಯಖಾನೆಗಳಿದ್ದವು. ಮಲವನ್ನು ಕೈಯಿಂದ ಬಾಚಿ ಬಕೆಟ್ಟಿಗೆ ತುಂಬುವವರು ಒಂದೇ ಸಮುದಾಯದವರು. ಅಂಥ ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಕರೆಂಟು ಬಂದು ಸುಮಾರು ತೊಂಬತ್ತು ವರ್ಷಗಳಾದ ಮೇಲೂ ಆ ಪಾಯಖಾನೆಗಳು ಅಲ್ಲಿದ್ದವು; ವಿಲ್ಸನ್ ಬರೆದ ದೂರುಗಳು ಪತ್ರಿಕೆಗೆ, ದೆಹಲಿಗೆ ಹೋದ ಮೇಲಷ್ಟೇ ಅವು ಬದಲಾದವು. ಸಫಾಯಿ ಕರ್ಮಚಾರಿ ಆಂದೋಲನದ ಕೆಲಸಕ್ಕಾಗಿ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಂತ್ರಜ್ಞಾನ ಬಂದರೆ ಜಾತಿ ತಾನಾಗಿ ಕರಗುತ್ತದೆ ಎನ್ನುವವರಿಗೆ ಕೆಜಿಎಫ್ ತೋರಿಸಬೇಕು. ಇಂಥ ಕೆಲಸದ ವಿರುದ್ಧ ಈ ರಾಜ್ಯದಲ್ಲಿ ದನಿ ಎತ್ತಿದವರು ಇರಲಿಲ್ಲವೆಂದಲ್ಲ. ಎಪ್ಪತ್ತರ ದಶಕದಲ್ಲೇ ದೇವರಾಜ ಅರಸರ ಸಂಪುಟದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಿದ್ದರು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

ಬಕೆಟ್ಟಿನ ಜಾಗಕ್ಕೆ ಈಗ ಮ್ಯಾನ್‌ಹೋಲ್ ಬಂದಿದೆ. ಕೇಂದ್ರ ಸರ್ಕಾರದ ‘ನಮಸ್ತೆ’ ಯೋಜನೆಯಡಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಕಾರ್ಮಿಕರ ಗಣತಿ ನಡೆಯಿತು. 2024ರಲ್ಲಿ ಹೊರಬಿದ್ದ ಲೆಕ್ಕದಂತೆ, ಗುರುತಿಸಿದ ಸುಮಾರು 38,000 ಮಂದಿಯಲ್ಲಿ ಶೇ 68.9 ಪರಿಶಿಷ್ಟ ಜಾತಿಯವರು, ಶೇ 14.7 ಹಿಂದುಳಿದ ವರ್ಗದವರು, ಶೇ 8.3 ಪರಿಶಿಷ್ಟ ಪಂಗಡದವರು. ಇದಕ್ಕೂ ಮುಂಚೆ ಮಲ ಹೊರುವವರನ್ನು ಗುರುತಿಸಿದಾಗ, ಜಾತಿಯ ಮಾಹಿತಿ ಸಿಕ್ಕ 43,797 ಮಂದಿಯಲ್ಲಿ 42,594 ಮಂದಿ ಪರಿಶಿಷ್ಟ ಜಾತಿಯವರಿದ್ದರೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತ್ತು. ಈ ನೌಕರಿಗೆ ಸಹನಾ ಶಕ್ತಿ ಪರೀಕ್ಷೆ ಇಲ್ಲ, ಅರ್ಜಿ ಇಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿ ‘ನನಗೂ ಅವಕಾಶ ಕೊಡಿ’ ಎಂದವರನ್ನು ನಾನು ಕೇಳಿಲ್ಲ. ಮೀಸಲಾತಿಯಿಂದ ದಕ್ಷತೆ ಕೆಡುತ್ತದೆ ಎಂದು ಸಂಪಾದಕರಿಗೆ ಪತ್ರ ಬರೆಯುವವರೂ ಈ ಮೀಸಲಾತಿಯ ಬಗ್ಗೆ ಚಕಾರ ಎತ್ತುವುದಿಲ್ಲ.

ಮ್ಯಾನ್‌ಹೋಲಿನಲ್ಲಿ ಸಾವು ಹೇಗೆ ಬರುತ್ತದೆಂದು ತಿಳಿದರೆ, ‘ಎಚ್ಚರಿಕೆಯಿಂದ ಇಳಿಯಬೇಕಿತ್ತು’ ಎಂಬ ಮಾತು ಎಷ್ಟು ಪೊಳ್ಳೆಂದು ತಿಳಿಯುತ್ತದೆ. ಕೊಳೆತ ಮಲದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಏರಿದಾಗ ಅದು ಮೂಗಿನ ನರವನ್ನೇ ಮಂಕು ಮಾಡುತ್ತದೆ, ವಾಸನೆ ನಿಂತಂತಾಗುತ್ತದೆ. ಗಾಳಿ ಸರಿಹೋಯಿತು ಎಂದು ಕೆಳಗಿನವನು ಭಾವಿಸುವ ಕ್ಷಣವೇ ಅತಿ ಅಪಾಯದ ಕ್ಷಣ. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಈ ಅನಿಲ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂತಿರುತ್ತದೆ. ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಆಮೇಲೆ ಮೂರನೆಯವನು. ಪತ್ರಿಕೆಯಲ್ಲಿ ಇಂಥ ಸುದ್ದಿಯಲ್ಲಿ ಸತ್ತವರ ಸಂಖ್ಯೆ ಎರಡು, ಮೂರು ಇರುವುದು ಅದಕ್ಕೇ. ಹಲವು ಸಲ ಅವರು ಅಣ್ಣತಮ್ಮಂದಿರು, ಮಾವ ಅಳಿಯಂದಿರು. ಏಕೆಂದರೆ ಆ ಕೆಲಸ ಮನೆತನದ ದಾರಿಯಲ್ಲೇ ಬಂದಿರುತ್ತದೆ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ, ಒಳಚರಂಡಿಯ ಅಪಾಯಕಾರಿ ಶುಚಿಗೊಳಿಸುವಿಕೆಯನ್ನು ಅಪರಾಧವೆಂದು ಸಾರಿತು. ಅದರಲ್ಲೇ ಒಂದು ಸಂದು ಉಳಿಯಿತು. ಸುರಕ್ಷಾ ಸಾಧನ ಕೊಟ್ಟು ಇಳಿಸಿದರೆ ಅದು ‘ಅಪಾಯಕಾರಿ’ ಎನಿಸುವುದಿಲ್ಲ. ಹಾಗಾಗಿ ಕಡತದಲ್ಲಿ ಗಮ್‌ಬೂಟು, ಮುಖಗವಸು, ಕೈಗವಸು ವಿತರಣೆಯಾಗಿರುತ್ತವೆ. ಸುಪ್ರೀಂ ಕೋರ್ಟು 2014ರಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಿ ಎಂದಿತು, 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು ನಿಲ್ಲಿಸಿ ಎಂದು ಆದೇಶಿಸಿತು. ತೀರ್ಪುಗಳಿಗೆ ಬರವಿಲ್ಲ.

ಬೆಂಗಳೂರಿನ ಮಟ್ಟಿಗೆ ಇದು ಮುಂದಿನ ದಿನಗಳ ಪ್ರಶ್ನೆಯೂ ಹೌದು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು, ಹೊರವಲಯದ 110 ಹಳ್ಳಿಗಳಿಗೆ. ಮನೆಗೆ ಬಂದ ನೀರಿನ ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳು ಇಟ್ಟುಕೊಂಡಿರುವ ಲೆಕ್ಕ. ಅಂದರೆ ಅರವತ್ತು ಕೋಟಿ ಲೀಟರಿಗೂ ಹೆಚ್ಚು ಕೊಳಚೆ ಹೊಸ ಕೊಳವೆಗಳಲ್ಲಿ, ಹೊಸ ಗುಂಡಿಗಳಲ್ಲಿ ಹರಿಯಬೇಕು. ನಲ್ಲಿಗೆ ನೀರು ಬಂದಾಗ ಪೂಜೆ ಮಾಡಿ ತೆಂಗಿನಕಾಯಿ ಒಡೆಯುತ್ತೇವೆ. ಚೇಂಬರು ಕಟ್ಟಿಕೊಂಡಾಗ ಯಾರನ್ನು ಕರೆಯುತ್ತೇವೆ ಎಂಬುದನ್ನು ಉದ್ಘಾಟನೆಯ ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಒಳಚರಂಡಿ ಶುಚಿಗೊಳಿಸುವ ಜಲಮಂಡಳಿಯ ಜೆಟ್ಟಿಂಗ್ ಯಂತ್ರಗಳು ಇವೆ. ಆದರೆ ಅಪಾರ್ಟ್‌ಮೆಂಟುಗಳ ಸ್ವಂತ ಕೊಳಚೆ ಸಂಸ್ಕರಣಾ ಘಟಕದ ತೊಟ್ಟಿಗೆ ಇಳಿಯುವವನು ಮಂಡಳಿಯ ನೌಕರನಲ್ಲ, ಅಪಾರ್ಟ್‌ಮೆಂಟಿನವನೂ ಅಲ್ಲ, ಗುತ್ತಿಗೆದಾರನ ಉಪಗುತ್ತಿಗೆದಾರ ಕರೆತಂದವನು. ಸತ್ತಾಗ ಅವನು ಯಾರ ನೌಕರ ಎಂದು ಪೊಲೀಸರು ಹುಡುಕಬೇಕು.

ಹಾಗಾದರೆ ಯಂತ್ರ ಬಂದರೆ ಸಾಕೇ? ಸಾಲದು. ಯಂತ್ರ ಯಾರ ಕೈಗೆ ಹೋಗುತ್ತದೆ ಎಂಬುದೇ ಮುಖ್ಯ. ಹೈದರಾಬಾದಿನ ಜಲಮಂಡಳಿ 2017ರಲ್ಲಿ ಒಂದು ಜಾಣ ಕೆಲಸ ಮಾಡಿತು. ಇಕ್ಕಟ್ಟಿನ ಗಲ್ಲಿಗಳಲ್ಲಿ ತೂರಬಲ್ಲ 70 ಸಣ್ಣ ಜೆಟ್ಟಿಂಗ್ ಯಂತ್ರಗಳನ್ನು ತರಿಸಿತು. ದಲಿತ ಉದ್ಯಮಿಗಳ ಸಂಘದ ನೆರವಿನಿಂದ, ಸಾಲ ಕೊಡಿಸಿ, ಈ ಕೆಲಸದಲ್ಲಿದ್ದ ಸಮುದಾಯದವರನ್ನೇ ಅವುಗಳ ಮಾಲೀಕರನ್ನಾಗಿಸಿತು. ಎರಡು ವರ್ಷದ ನಂತರ ದೆಹಲಿ ಅದೇ ಮಾದರಿಯಲ್ಲಿ 200 ಯಂತ್ರಗಳನ್ನು ರಸ್ತೆಗಿಳಿಸಿತು. ಕೇರಳದಲ್ಲಿ ಯುವ ಎಂಜಿನಿಯರುಗಳು ‘ಬ್ಯಾಂಡಿಕೂಟ್’ ಎಂಬ ರೋಬೊ ಮಾಡಿ, ಮೊದಲು ಗುಂಡಿಗಿಳಿಯುತ್ತಿದ್ದವರಿಗೇ ಅದನ್ನು ನಡೆಸಲು ಕಲಿಸಿದರು. ಯಂತ್ರದ ಗುತ್ತಿಗೆ ಬೇರೆಯವರ ಪಾಲಾಗಿ, ಇಳಿಯುತ್ತಿದ್ದವನು ಕೆಲಸ ಕಳೆದುಕೊಂಡು ಬೀದಿಗೆ ಬಿದ್ದರೆ ಅವನ ಜೀವ ಉಳಿಯಿತು, ಜೀವನ ಉಳಿಯಲಿಲ್ಲ.

ಕಂಬದ ಕಥೆಗೂ ಇದೇ ಬುದ್ಧಿ ಒಪ್ಪುತ್ತದೆ. ಬಕೆಟ್ ಇರುವ ಏಣಿ ವಾಹನ ಬಂದರೆ ತಂತಿಯ ಹತ್ತಿರ ಹೋಗಲು ತೋಳ್ಬಲ ಬೇಕಿಲ್ಲ. ಇನ್ಸುಲೇಟೆಡ್ ಕೈಗವಸು ಹೆಂಗಸಿನ ಕೈಯ ಅಳತೆಯಲ್ಲೂ ಸಿಗಬೇಕು. ಸೆಕ್ಷನ್ ಆಫೀಸಿಗೆ ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯವಿರಬೇಕು. ರಾತ್ರಿ ಕೆಲಸಕ್ಕೆ ಇಬ್ಬರು ಜೊತೆಯಾಗಿ ಹೋಗಬೇಕು, ಹೋಗಲು ಇಲಾಖೆಯ ವಾಹನ ಬೇಕು. ಇವಿಷ್ಟೂ ಮಹಿಳೆಯರಿಗಾಗಿ ಕೇಳುವ ರಿಯಾಯಿತಿ ಎಂದು ಅಧಿಕಾರಿಗಳು ಭಾವಿಸುತ್ತಾರೆ. ಮಳೆಗಾಲದ ರಾತ್ರಿ ಒಬ್ಬನೇ ಸ್ವಂತ ಬೈಕಿನಲ್ಲಿ ಹೊರಟು, ಬಿದಿರಿನ ಏಣಿ ಕಟ್ಟಿ ಹತ್ತುವ ಗಂಡಸನ್ನು ಕೇಳಿ ನೋಡಿ. ಇದರಲ್ಲಿ ಅವನಿಗೆ ಬೇಡವಾದದ್ದು ಒಂದೂ ಇರುವುದಿಲ್ಲ.

ಕೆಲಸವೇ ಅಂಗವಿಕಲರನ್ನು ಸೃಷ್ಟಿಸುವ ಉದ್ಯಮವಿದು. ವಿದ್ಯುತ್ ಸುಟ್ಟು ಕೈ ಕಳೆದುಕೊಂಡ ಲೈನ್‌ಮನ್ ಇಲ್ಲದ ತಾಲ್ಲೂಕು ಹುಡುಕುವುದು ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸೇವೆಯಲ್ಲಿದ್ದಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯಬಾರದು, ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ. ಅಪರೂಪದ ಒಳ್ಳೆಯ ಕಲಂ. ಆದರೆ ಅದು ನೌಕರನಿಗೆ. ಅವನ ಪಕ್ಕದಲ್ಲೇ ಹಗ್ಗ ಹಿಡಿದಿದ್ದ ಗುತ್ತಿಗೆಯವನಿಗೆ ಪರಿಹಾರದ ಅರ್ಜಿ, ಇಎಸ್‌ಐ ಚೀಟಿ ಇದ್ದರೆ ಆ ಚೀಟಿ, ಆಮೇಲೆ ಊರು.

ಒಳಗೆ ಬಿಟ್ಟುಕೊಂಡರೆ ಮುಗಿಯಿತು ಎಂದುಕೊಳ್ಳುವವರಿಗೆ ಕೊಚ್ಚಿ ಮೆಟ್ರೊ ನೆನಪಿಸಬೇಕು. 2017ರಲ್ಲಿ ಅದು 23 ಲಿಂಗತ್ವ ಅಲ್ಪಸಂಖ್ಯಾತರಿಗೆ ನೌಕರಿ ಕೊಟ್ಟು ದೇಶದ ಮೆಚ್ಚುಗೆ ಪಡೆಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಎಂಟು ಮಂದಿ ಕೆಲಸ ಬಿಟ್ಟರು. ನಗರದಲ್ಲಿ ಅವರಿಗೆ ಬಾಡಿಗೆ ಮನೆ ಕೊಡುವವರಿರಲಿಲ್ಲ; ವಸತಿಗೃಹದ ಬಾಡಿಗೆ ಸಂಬಳವನ್ನೇ ನುಂಗುತ್ತಿತ್ತು. ಕರ್ನಾಟಕ 2021ರಲ್ಲಿ, ದೇಶದಲ್ಲೇ ಮೊದಲಿಗೆ, ಸರ್ಕಾರಿ ನೇಮಕದಲ್ಲಿ ಇವರಿಗೆ ಶೇ 1ರ ಮೀಸಲಾತಿ ಕೊಟ್ಟಿದೆ. ಸಬ್‌ಸ್ಟೇಷನ್ ಇರುವುದು ಊರಾಚೆ, ವಸತಿಗೃಹ ಇರುವುದು ಊರೊಳಗೆ. ನೇಮಕಾತಿ ಆದೇಶದ ಜೊತೆ ಕ್ವಾರ್ಟರ್ಸಿನ ಬೀಗದ ಕೈಯನ್ನೂ ಕೊಡಬೇಕೆಂಬುದನ್ನು ಕೊಚ್ಚಿಯಿಂದ ಕಲಿಯಬಹುದು.

ಹೊಸ ಕಾಲದ ಕರೆಂಟಾದರೂ ಬೇರೆಯಾದೀತೆಂದು ಆಸೆಪಟ್ಟರೆ ಪಾವಗಡ ಇದೆ. ತಿರುಮಣಿಯ ಸುತ್ತಲಿನ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಭೂಸ್ವಾಧೀನದ ಗೋಳು ಕಂಡವರಿಗೆ ಇದು ಉತ್ತಮ ಏರ್ಪಾಡು ಎನಿಸಿದ್ದು ಸಹಜ, ನನಗೂ ಎನಿಸಿತ್ತು. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಶೇಂಗಾ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದ ಹೆಂಗಸರ ಕೂಲಿಗೆ ಪಹಣಿ ಇಲ್ಲ. ಪಾರ್ಕಿನಲ್ಲಿ ಊರಿನವರಿಗೆ ದೊರೆತದ್ದು ಬಹುಪಾಲು ಕಾವಲು, ಪ್ಯಾನೆಲ್ ತೊಳೆಯುವುದು, ಹುಲ್ಲು ಕತ್ತರಿಸುವುದು. ಸೌರ, ಪವನದಂಥ ನವೀಕರಿಸಬಹುದಾದ ಇಂಧನ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಮಹಿಳೆಯರ ಪಾಲು ಶೇ 32 ಎಂದು ಅಂತರರಾಷ್ಟ್ರೀಯ ಸಂಸ್ಥೆ ಐರೀನಾ 2019ರಲ್ಲಿ ಹೇಳಿತು. ತೈಲ ಮತ್ತು ಅನಿಲ ಉದ್ಯಮದ ಶೇ 22ಕ್ಕಿಂತ ಅದು ಮೇಲು. ಶೇಕಡಾವಾರು ಲೆಕ್ಕದಲ್ಲಿ ಹುಲ್ಲು ಕತ್ತರಿಸುವವಳೂ, ಕಂಟ್ರೋಲ್ ರೂಮಿನಲ್ಲಿ ಕೂತವಳೂ ಒಂದೊಂದೇ.

ವಿದ್ಯುತ್ ಕಂಪನಿಗಳು, ಜಲಮಂಡಳಿ ಪ್ರತಿವರ್ಷ ಎಷ್ಟು ಯೂನಿಟ್ ಸೋರಿತು, ಎಷ್ಟು ನೀರು ಲೆಕ್ಕಕ್ಕೆ ಸಿಗಲಿಲ್ಲ ಎಂದು ವರದಿ ಕೊಡುತ್ತವೆ. ಕಾಯಂ ಮತ್ತು ಗುತ್ತಿಗೆ ಎರಡನ್ನೂ ಸೇರಿಸಿ, ಯಾವ ಕೆಲಸದಲ್ಲಿ ಯಾವ ಜಾತಿಯ, ಯಾವ ಲಿಂಗದ ಎಷ್ಟು ಜನರಿದ್ದಾರೆ, ಯಾರು ಎಲ್ಲಿ ಗಾಯಗೊಂಡರು, ಯಾರು ಸತ್ತರು ಎಂಬುದನ್ನೂ ಅದೇ ವರದಿಯಲ್ಲಿ ಅಚ್ಚು ಹಾಕಲಿ. ವಿಧಾನಮಂಡಲದಲ್ಲಿ ಪ್ರಶ್ನೆ ಕೇಳಿದಾಗ ಮಾತ್ರ ಹೊರಬೀಳುವ ಲೆಕ್ಕವಾಗಿ ಅದು ಉಳಿಯಬಾರದು.

ಓದುಗರ ಕೈಯಲ್ಲಿರುವ ಕೆಲಸವೂ ಇದೆ. ಮನೆಯಲ್ಲಿ ಜನರೇಟರ್ ಇದ್ದರೆ, ಅದರ ಕರೆಂಟು ಲೈನಿಗೆ ಹಿಮ್ಮುಖವಾಗಿ ಹರಿಯದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ ಸರಿಯಿದೆಯೇ ಎಂದು ಈ ವಾರವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿ. ಚೇಂಬರು ಕಟ್ಟಿಕೊಂಡರೆ ಬಿದಿರಿನ ಕೋಲು ಹಿಡಿದು ಬರುವವನಿಗೆ ಐನೂರು ರೂಪಾಯಿ ಕೊಟ್ಟು ಇಳಿಸಬೇಡಿ. ಬೆಂಗಳೂರಿನಲ್ಲಿ ಜಲಮಂಡಳಿಯ ಸಹಾಯವಾಣಿ 1916. ಸೆಪ್ಟಿಕ್ ಟ್ಯಾಂಕ್ ಮತ್ತು ಒಳಚರಂಡಿಗೆ ರಾಷ್ಟ್ರೀಯ ಸಹಾಯವಾಣಿ 14420. ಯಂತ್ರ ತನ್ನಿ ಎಂದು ಕೇಳಿ. ಯಂತ್ರ ಬರುವುದು ಎರಡು ದಿನ ತಡವಾದರೆ ವಾಸನೆ ತಡೆದುಕೊಳ್ಳಿ.